ಅಪ್ಪ ಮಾಡದ ಸಹಿ

ಮೂರು ವರ್ಷ ಮಾಧ್ಯಮ ಅಧ್ಯಯನ ಓದಿದ್ದಕ್ಕೆ ಕೊನೆಗೆ ನನ್ನ ಪದವಿ ನಿಂತದ್ದು ಒಂದೇ ಒಂದು ಹಾಳೆಯ ಮೇಲೆ. ಅದರ ಹೆಸರು ಒಪ್ಪಿಗೆ ಪತ್ರ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ಸಾಕ್ಷ್ಯಚಿತ್ರ ಮಾಡಬೇಕು, ಅದರಲ್ಲಿ ಮುಖ ಕಾಣಿಸುವವರೆಲ್ಲ ಆ ಹಾಳೆಗೆ ಸಹಿ ಹಾಕಬೇಕು. ಸಹಿ ಇಲ್ಲದ ಚಿತ್ರವನ್ನು ವಿಭಾಗದವರು ಮುಟ್ಟುವುದಿಲ್ಲ, ಚಿತ್ರವಿಲ್ಲದಿದ್ದರೆ ಪಾಸಿಲ್ಲ. ನನ್ನ ಚಿತ್ರದಲ್ಲಿ ಕಾಣಿಸುತ್ತಿದ್ದ ಮುಖ ಒಂದೇ, ಅಪ್ಪನದು. ಅಪ್ಪ ಸಹಿ ಹಾಕುವುದಿಲ್ಲ ಎಂದರು.

ಅಷ್ಟರ ಹೊತ್ತಿಗೆ ನಾನು ಈ ಓದಿನಿಂದ ಸಾಕುಸಾಕಾಗಿ ಹೋಗಿದ್ದೆ. ಊರಿಗೆ ಹೋದರೆ ನೆಂಟರು, ‘ಯಾವ ಟಿವ್ಯಾಗ ಬರ್ತಿ ನಮ್ಮವ್ವಾ?’ ಎಂದು ಕೇಳುತ್ತಿದ್ದರು. ಪುಣೆಯಲ್ಲಿ ನಮ್ಮ ಓಣಿಯವರು ಅದನ್ನೂ ಕೇಳದೆ, ಇಂಜಿನಿಯರಿಂಗ್ ಸಿಗಲಿಲ್ಲವೇನೋ ಪಾಪ ಎಂಬಂತೆ ತಲೆ ಆಡಿಸುತ್ತಿದ್ದರು. ಕಾಲೇಜಿನಲ್ಲಾದರೂ ಏನು ಕಡಿದು ಕಟ್ಟೆ ಹಾಕಿದೆವು? ಮೊದಲ ವರ್ಷ ಹಲಗೆಯ ಮೇಲೆ ವೃತ್ತ ಬರೆದು ಬಾಣ ಎಳೆದೆವು. ಎರಡನೆಯ ವರ್ಷ ಅದೇ ಬಾಣಗಳನ್ನು ತಪ್ಪು ಎಂದು ಅಳಿಸಿದೆವು. ಇಡೀ ತರಗತಿಗೆ ಎರಡು ಕ್ಯಾಮೆರಾ. ಒಂದು ಯಾವಾಗ ಕೇಳಿದರೂ ರಿಪೇರಿಗೆ ಹೋಗಿರುತ್ತಿತ್ತು, ಇನ್ನೊಂದರ ಬ್ಯಾಟರಿ ಸರಿಯಾಗಿ ಒಂದು ಸಂದರ್ಶನದ ಅರ್ಧಕ್ಕೆ ಸಾಯುತ್ತಿತ್ತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡಿ ಬೆಳೆದ ನಾನು ಇಂಗ್ಲಿಷಿನಲ್ಲಿ ‘ನೋಟದ ರಾಜಕೀಯ’ ಎಂದು ಹತ್ತು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಬರೆದದ್ದು ಎಷ್ಟು ತಿಳಿದಿತ್ತು ಎಂಬುದು ಬೇರೆ ಮಾತು.

ನನ್ನ ಚಿತ್ರ ಮೊದಲು ಅಪ್ಪನ ಮೇಲೆ ಅಲ್ಲವೇ ಅಲ್ಲ. ಪುಣೆಯ ಹೊರಗಿನ ಚಾಕಣದ ಕಾರಖಾನೆಗಳಲ್ಲಿ ಕಾರಿನ ಬಿಡಿಭಾಗ ಮಾಡುವ ಹುಡುಗಿಯರ ಬಗ್ಗೆ ಮಾಡಬೇಕು ಅಂತಿದ್ದೆ. ಬಸ್ಸು ಬದಲಾಯಿಸುತ್ತ ನಾಲ್ಕು ಸಲ ಅಲ್ಲಿಗೆ ಹೋದೆ. ನಾಲ್ಕು ಸಲವೂ ಗೇಟಿನ ಹತ್ತಿರವೇ ನಿಲ್ಲಿಸಿದರು. ಕಾಲೇಜಿನ ಪತ್ರ ತಾ ಎಂದರು, ತಂದೆ. ಈ ಪತ್ರ ಆಗುವುದಿಲ್ಲ, ಬೇರೆ ಪತ್ರ ತಾ ಎಂದರು, ಅದನ್ನೂ ತಂದೆ. ಮೇಲಿನವರು ಹೇಳಿ ಕಳಿಸುತ್ತಾರೆ ಎಂದರು. ಮೇಲಿನವರು ಇನ್ನೂ ಹೇಳಿ ಕಳಿಸುತ್ತಿದ್ದಾರೆ. ಧೂಳು ತಿಂದು ಎರಡು ತಿಂಗಳು ಕಳೆದ ಮೇಲೆ, ಕಾಲೇಜಿನಲ್ಲಿ ಚಿತ್ರದ ಕೆಲಸ ನೋಡಿಕೊಳ್ಳುತ್ತಿದ್ದ ನಮ್ಮ ಮ್ಯಾಡಮ್, ಹೊರಗೆ ಯಾಕೆ ಅಲೆಯುತ್ತೀ, ಮನೆಯೊಳಗೆ ನೋಡು, ಕಥೆ ಅಲ್ಲೇ ಇರುತ್ತದೆ ಎಂದರು. ಹೇಳುವುದಿದ್ದರೆ ಎರಡು ತಿಂಗಳ ಹಿಂದೆ ಹೇಳಬಾರದಿತ್ತೆ ಎಂದು ಹಲ್ಲು ಕಡಿದುಕೊಂಡೇ ಮನೆಗೆ ಬಂದೆ.

ಅಪ್ಪ ಲಕ್ಷ್ಮೀ ರೋಡಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಇಳಕಲ್ಲಿನ ಹತ್ತಿರದ ಊರಿನವರು, ಮೀಸೆ ಮೂಡುವ ವಯಸ್ಸಿಗೆ ಪುಣೆಗೆ ಬಂದು ಆ ಅಂಗಡಿಯ ಬಿಳಿ ಗಾದಿಯ ಮೇಲೆ ಕೂತವರು ಇನ್ನೂ ಎದ್ದಿಲ್ಲ. ಸೀರೆ ಅಂಗಡಿಗೆ ಹೋದವರಿಗೆಲ್ಲ ಗೊತ್ತು: ಬಂದ ಹೆಂಗಸರಿಗೆ ಸೆರಗು ಹೇಗೆ ಬೀಳುತ್ತದೆ, ಅಂಚು ಎಲ್ಲಿ ಬರುತ್ತದೆ ಎಂದು ತೋರಿಸಲು ಅಲ್ಲಿನ ಗಂಡಸರು ಸೀರೆಯನ್ನು ತಮ್ಮ ಮೈಮೇಲೇ ಹಾಕಿಕೊಳ್ಳುತ್ತಾರೆ. ಅಂಗಿ ಪ್ಯಾಂಟಿನ ಮೇಲೆ ನಾಲ್ಕು ನಿರಿಗೆ ಹಿಡಿದು, ಸೊಂಟಕ್ಕೆ ಸಿಕ್ಕಿಸಿ, ಸೆರಗು ಹೆಗಲಿಗೆ ಹಾಕಿ ನಿಂತರೆ ಸೀರೆ ಉಟ್ಟಂತೆಯೇ. ನೋಡುವವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನನಗೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಗಿರಾಕಿ ಕಡಿಮೆ ಇರುವ ಒಂದು ಮಧ್ಯಾಹ್ನ ಅಂಗಡಿಯ ಶೇಠರು ಎರಡು ತಾಸು ಪರವಾನಗಿ ಕೊಟ್ಟರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಕ್ಯಾಮೆರಾ ಕಂಡೊಡನೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಂತೆ ಬಿಗಿದುಕೊಂಡರು. ಕೇಳಿದ್ದಕ್ಕೆ ಹೌದು, ಇಲ್ಲ, ದೇವರ ದಯೆ ಎಂದಷ್ಟೇ ಉತ್ತರ. ಒಂದೂವರೆ ತಾಸು ಹಾಗೇ ಹೋಯಿತು. ನನಗೆ ಅಳು ಬರುವುದೊಂದು ಬಾಕಿ. ಆಗ ಬಾರಾಮತಿಯಿಂದ ಮದುವೆ ಸೀರೆಗೆಂದು ಹೆಂಗಸರ ಒಂದು ದಂಡು ಬಂತು. ಅವರ ಬೆನ್ನ ಹಿಂದಿನಿಂದ ತೆಗೆಯುತ್ತೇನೆ, ಮುಖ ಬರುವುದಿಲ್ಲ ಎಂದು ಕೇಳಿಕೊಂಡೆ, ಅವರು ನಕ್ಕು ಒಪ್ಪಿದರು. ಗಿರಾಕಿ ಬಂದದ್ದೇ ತಡ ಅಪ್ಪ ಕ್ಯಾಮೆರಾ ಮರೆತುಬಿಟ್ಟರು.

ಹಸಿರು ಸೀರೆಯೊಂದನ್ನು ಒಂದೇ ಸಲಕ್ಕೆ ಝಾಡಿಸಿ ಬಿಚ್ಚಿ, ಬೆರಳಲ್ಲಿ ನಿರಿಗೆ ಎಣಿಸದೆಯೇ ಹಿಡಿದು, ಸೆರಗನ್ನು ಹೆಗಲ ಮೇಲೆ ಎಸೆದು ಅಪ್ಪ ಎದ್ದು ನಿಂತರು. ಕತ್ತು ತುಸು ವಾಲಿಸಿ, ಅಂಚು ಕಾಣುವಂತೆ ಕೈ ಮುಂದೆ ಚಾಚಿದರು. ಮನೆಯಲ್ಲಿ ಗೂನು ಬೆನ್ನು ಮಾಡಿಕೊಂಡು ಚಹಾ ಕುಡಿಯುವ ನನ್ನ ಅಪ್ಪ ಇವರೇನಾ ಎನಿಸಿತು. ದಂಡಿನ ಹಿರಿಯಳೊಬ್ಬಳು, “ಕಾಕಾ, ಆಮಚ್ಯಾ ನವರೀಪೇಕ್ಷಾ ತುಮ್ಹಾಲಾಚ್ ಛಾನ್ ದಿಸ್ತೇ!” ಎಂದಳು. ನಮ್ಮ ಮದುಮಗಳಿಗಿಂತ ನಿಮಗೇ ಚಂದ ಕಾಣುತ್ತದೆ ಎಂದು. ಎಲ್ಲರೂ ಹೋ ಎಂದು ನಕ್ಕರು. ಅಪ್ಪನೂ ನಕ್ಕರು. ಆ ಹಸಿರು ಸೀರೆಯೇ ಮಾರಾಟವಾಯಿತು.

ಜೋಡಿಸಿದ ಚಿತ್ರ ನೋಡಿ ಮ್ಯಾಡಮ್ ಕುರ್ಚಿಯಿಂದ ಎದ್ದೇಬಿಟ್ಟರು. ಆ ಒಂದು ನಿಮಿಷವೇ ನಿನ್ನ ಸಿನಿಮಾ, ಉಳಿದದ್ದೆಲ್ಲ ಅದರ ಕಡೆಗೆ ಹೋಗುವ ದಾರಿ ಎಂದರು. ಗಂಡುತನ, ಹೆಣ್ಣುತನ, ದೇಹ, ದುಡಿಮೆ ಎಂದು ಅರ್ಧ ತಾಸು ಮಾತಾಡಿದರು. ಮೂರು ವರ್ಷದಲ್ಲಿ ನನ್ನ ಕೆಲಸಕ್ಕೆ ಅಷ್ಟು ಮಾತು ಸಿಕ್ಕದ್ದು ಅದೇ ಮೊದಲು. ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ. ಇನ್ನೇನು, ಸಹಿ ಹಾಕಿಸಿ ಶುಕ್ರವಾರ ಒಪ್ಪಿಸಿಬಿಡು ಎಂದರು ಮ್ಯಾಡಮ್.

ಅಂಗಡಿಯ ವಾರದ ರಜೆಯ ದಿನ ಲ್ಯಾಪ್‌ಟಾಪನ್ನು ಅಡುಗೆಮನೆಯ ಹೊಸ್ತಿಲ ಹತ್ತಿರ ಇಟ್ಟು ಅಪ್ಪ ಅವ್ವ ಇಬ್ಬರಿಗೂ ತೋರಿಸಿದೆ. ಸೀರೆಯ ದೃಶ್ಯ ಬಂದಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ನಗಲಿಲ್ಲ. ಮುಗಿದ ಮೇಲೆ, ಆ ಕಾಗದ ಕೊಡು ಎಂದು ಕನ್ನಡಕ ಹಾಕಿಕೊಂಡರು. ಇಂಗ್ಲಿಷಿನಲ್ಲಿದ್ದ ಒಂದೊಂದು ಸಾಲನ್ನೂ ನನ್ನಿಂದ ಕನ್ನಡದಲ್ಲಿ ಹೇಳಿಸಿದರು. ಜಗತ್ತಿನ ಯಾವುದೇ ಭಾಗದಲ್ಲಿ, ಈಗಿರುವ ಮತ್ತು ಮುಂದೆ ಹುಟ್ಟಲಿರುವ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ.

“ಮುಂದ ಹುಟ್ಟೂದು ಇನ್ನೂ ಹುಟ್ಟೇ ಇಲ್ಲಲ್ಲ. ಅದಕ್ಕ ಈಗ ಹೆಂಗ ಸಹಿ ಮಾಡ್ಲಿ?” ಎಂದರು ಅಪ್ಪ.

“ಅದು ಸುಮ್ನ ಬರೀತಾರ್ರಿ ಅಪ್ಪಾ. ಎಲ್ಲಾರೂ ಓದಲಾರದ ಸಹಿ ಮಾಡ್ತಾರ.”

“ಸೀರಿ ಹೊದ್ದದ್ದು ತಗದ ಬಿಡು. ಉಳದದ್ದಕ್ಕ ಈಗ ಮಾಡ್ತೀನಿ.”

ಅದನ್ನು ತೆಗೆದರೆ ಚಿತ್ರದಲ್ಲಿ ಏನು ಉಳಿಯಿತು? ಇಸ್ತ್ರಿ ಅಂಗಿ ಮತ್ತು ದೇವರ ದಯೆ! ನಾನು ಮೊದಲು ಬೇಡಿಕೊಂಡೆ, ಆಮೇಲೆ ದನಿ ಏರಿಸಿದೆ. “ದಿನಾ ನೂರು ಮಂದಿ ಮುಂದ ಮಾಡೂದು, ನನ್ನ ಒಂದು ಕ್ಯಾಮೆರಾದ ಮುಂದ ಏನ್ರಿ ನಾಚಿಕಿ?” ಎಂದೆ.

ಅಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಜಗಳ ಸಮಸಮ ಆಗುತ್ತಿತ್ತು. “ಅಂಗಡ್ಯಾಗ ಮಂದಿ ಸೀರಿ ನೋಡ್ತಾರವ್ವಾ, ನನ್ನ ನೋಡಂಗಿಲ್ಲ. ಇದ್ರಾಗ ನಾನ ಕಾಣತೀನಿ,” ಎಂದು ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು.

ಇವತ್ತು ಯೋಚಿಸಿದರೆ, ನನ್ನ ಹತ್ತು ಪುಟದ ಪ್ರಬಂಧ ಎಂದೂ ಹೇಳದ್ದನ್ನು ಅಪ್ಪ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ಅವತ್ತು ಅದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಶುಕ್ರವಾರ. ಎರಡು ದಿನ ಅಪ್ಪನ ಹತ್ತಿರ ಮಾತು ಬಿಟ್ಟೆ. ಅವರು ಅವ್ವನ ಮೂಲಕ, ಬೇಕಾದರೆ ಸೀರೆ ಮಡಿಸಿ ಘಡಿ ಹೇಗೆ ಮಾಡುತ್ತಾರೆಂದು ತೋರಿಸುತ್ತೇನೆ, ಅದನ್ನು ಚಿತ್ರಕ್ಕೆ ತೆಗೆದುಕೋ ಎಂದು ಹೇಳಿ ಕಳಿಸಿದರು. ಘಡಿ ಮಾಡುವುದನ್ನು ಯಾರು ನೋಡುತ್ತಾರೆ ಎಂದು ಗೊಣಗಿದೆ. ಸೀರೆಯ ಆ ನಿಮಿಷವನ್ನು ಕತ್ತರಿಸಿ ನೋಡಿದೆ. ಚಿತ್ರ ಉಪ್ಪಿಲ್ಲದ ಸಾರಾಯಿತು. ಮ್ಯಾಡಮ್ ಹತ್ತಿರ ಹೋದರೆ, ಅದು ನಿನ್ನ ಮತ್ತು ನಿನ್ನ ಪಾತ್ರಧಾರಿಯ ನಡುವಿನ ಮಾತುಕತೆ, ನೀನೇ ಒಲಿಸಿಕೊಳ್ಳಬೇಕು ಎಂದು ಗಡಿಯಾರ ನೋಡಿದರು. ಪಾತ್ರಧಾರಿ ಅಂತೆ! ನಮ್ಮ ಮನೆಯಲ್ಲಿ ಬೆಳಗ್ಗೆ ನೀರು ತುಂಬುವವರು ಅವರು.

ನನ್ನ ಜೊತೆ ಎಡಿಟಿಂಗ್ ಮಾಡುತ್ತಿದ್ದ ಸಹಪಾಠಿ ಬೆಂಗಳೂರಿನವನು. ಅವನಿಗೆ ಇದೆಲ್ಲ ಒಂದು ವಿಷಯವೇ ಅಲ್ಲ. “ಅಯ್ಯೋ, ಒಂದ್ ಸೈನ್‌ಗೆ ಇಷ್ಟೊಂದ್ ಟೆನ್ಶನ್ ಯಾಕೆ? ನೀನೇ ಹಾಕ್ಬಿಡು. ಯಾರ್ ಚೆಕ್ ಮಾಡ್ತಾರೆ? ಫ್ರೈಡೇ ಡೆಡ್‌ಲೈನ್ ಕಣೇ,” ಎಂದ. ಅವನು ಹೇಳಿದ ಎಂದು ತಪ್ಪನ್ನು ಅವನ ತಲೆಗೆ ಕಟ್ಟುವುದಿಲ್ಲ. ಅವನು ಹೇಳುವ ಮೊದಲೇ ನಾನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಸಲ ಬರೆದು ನೋಡಿದ್ದೆ.

ಅಪ್ಪ ಕನ್ನಡದಲ್ಲೇ ಸಹಿ ಮಾಡುತ್ತಾರೆ. ಮರಾಠಿ, ಹಿಂದಿ, ವ್ಯಾಪಾರಕ್ಕೆ ಬೇಕಾದಷ್ಟು ಗುಜರಾತಿ ಎಲ್ಲ ಬರುತ್ತದೆ, ಸಹಿ ಮಾತ್ರ ಊರಿನದು. ನಾನು ಅದನ್ನೇ ಬರೆದೆ. ಸಹಿ ಸಹಿಯ ಹಾಗೆ ಕಾಣಲಿ ಎಂದು ಕೆಳಗೆ ಒಂದು ಗೆರೆಯನ್ನೂ ಎಳೆದೆ. ಮಾಧ್ಯಮ ನೀತಿ ಎಂಬ ವಿಷಯದಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆದವಳು ನಾನು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಫಾರ್ಮ್ ನೋಡಿ ಮ್ಯಾಡಮ್, ತಮ್ಮ ಭಾಷೆಯಲ್ಲೇ ಸಹಿ ಹಾಕಿದ್ದಾರೆ, ಎಷ್ಟು ಚಂದ ಎಂದರು. ಚಿತ್ರಕ್ಕೆ ಒಳ್ಳೆಯ ಅಂಕ ಬಂತು. ಅಪ್ಪನಿಗೆ, ಎಲ್ಲ ಸರಿಹೋಯಿತು ಎಂದೆ. ಅವರು ಇನ್ನೇನೂ ಕೇಳಲಿಲ್ಲ. ಆ ದೃಶ್ಯವನ್ನು ನಾನು ಕತ್ತರಿಸಿ ಹಾಕಿದ್ದೇನೆ ಎಂದುಕೊಂಡರು.

ಪ್ರವೇಶದ ಸಮಯ ಬಂತು. ಹೊಸ ವಿದ್ಯಾರ್ಥಿಗಳನ್ನು ಸೆಳೆಯಲು ವಿಭಾಗದವರು ಅಂತರ್ಜಾಲದ ತಮ್ಮ ಪುಟದಲ್ಲಿ, ನಮ್ಮ ಮಕ್ಕಳ ಕೆಲಸ ನೋಡಿ ಎಂದು ತುಣುಕುಗಳನ್ನು ಹಾಕಿದರು. ನನ್ನ ಚಿತ್ರದಿಂದ ಯಾವ ನಿಮಿಷ ಆರಿಸಿದರೆಂದು ಹೇಳಬೇಕಾಗಿಲ್ಲ. ಕೇಳುವ ಹಂಗು ಅವರಿಗಿರಲಿಲ್ಲ, ಹಾಳೆಯಲ್ಲಿ ಎಲ್ಲ ಮಾಧ್ಯಮ, ಶಾಶ್ವತ ಎಂದು ಬರೆದಿತ್ತಲ್ಲ. ಅಲ್ಲಿಂದ ಅದು ವಾಟ್ಸ್ಯಾಪಿಗೆ ಇಳಿಯಿತು. ಯಾರೋ ಅದರ ಕೆಳಗೆ ನಗುವ ಮುಖಗಳನ್ನು ಸಾಲಾಗಿ ಹಚ್ಚಿದ್ದರು. ನಮ್ಮ ಓಣಿಯ ಗುಂಪಿಗೂ ಬಂತು, ಶೇಠರ ಫೋನಿಗೂ ಬಂತು.

ಶೇಠರು ಬೈಯಲಿಲ್ಲ, ಖುಷಿಪಟ್ಟರು. ಪುಕ್ಕಟೆ ಜಾಹೀರಾತು! ಅಪ್ಪನನ್ನು ಬಾಗಿಲ ಹತ್ತಿರದ ಗಾದಿಗೆ ಕೂರಿಸಿದರು. ಅಂಗಡಿಗೆ ಬಂದ ಹುಡುಗಿಯರು, ವಿಡಿಯೋದ ಕಾಕಾ ಇವರೇ ಎಂದು ಮೊಬೈಲ್ ಎತ್ತತೊಡಗಿದರು. ಹಾಗೆ ನಿಲ್ಲಿ, ಹೀಗೆ ಕತ್ತು ವಾಲಿಸಿ, ಆ ನಗು ಇನ್ನೊಮ್ಮೆ. ಸೀರೆ ತೆಗೆದುಕೊಳ್ಳದೆಯೇ ಹೋಗುತ್ತಿದ್ದರು. ಎಂಟು ದಿನ ತಡೆದುಕೊಂಡ ಅಪ್ಪ ಒಂಬತ್ತನೆಯ ದಿನ ಶೇಠರನ್ನು ಕೇಳಿಕೊಂಡು ಮಾಳಿಗೆಯ ಮೇಲಿನ ಧೋತರ, ಟವೆಲ್‌ಗಳ ಕಡೆಗೆ ಹೋದರು. ಅಲ್ಲಿ ಏನನ್ನೂ ಮೈಮೇಲೆ ಹಾಕಿ ತೋರಿಸಬೇಕಾಗಿಲ್ಲ. ಇದನ್ನು ಅವರು ನನಗೆ ಹೇಳಲಿಲ್ಲ, ಅವ್ವ ಹೇಳಿದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಸೀರಿ ಬಿಟ್ಟು ಟಾವೆಲ್ ಮಾರಾಕ ಹತ್ಯಾರ ನಿಮ್ಮಪ್ಪ. ಸಂತೋಷ ಆತೇನು?” ಎಂದಳು.

ನನಗೆ ನಾಚಿಕೆಯೂ ಆಯಿತು, ಉರಿಯೂ ಹತ್ತಿತು. ವಿಭಾಗದ ಮೇಲೆ, ಶೇಠರ ಮೇಲೆ, ಮೊಬೈಲ್ ಎತ್ತಿದ ಹುಡುಗಿಯರ ಮೇಲೆ ಸಿಟ್ಟು ಮಾಡಿಕೊಂಡು ನೋಡಿದೆ. ಯಾವ ಸಿಟ್ಟೂ ನಿಲ್ಲಲಿಲ್ಲ, ಎಲ್ಲ ತಿರುಗಿ ನನ್ನ ಹತ್ತಿರವೇ ಬಂದವು. ಮರುದಿನ ಕಾಲೇಜಿಗೆ ಹೋಗಿ ತುಣುಕು ತೆಗೆಯಿರಿ ಎಂದೆ. ಮ್ಯಾಡಮ್ ಸಮಾಧಾನವಾಗಿಯೇ ಹೇಳಿದರು: ಚಿತ್ರದಲ್ಲಿರುವ ವ್ಯಕ್ತಿ ತಾವೇ ಅರ್ಜಿ ಬರೆದು ಸಹಿ ಮಾಡಿ ಕೊಡಬೇಕು. ಆಫೀಸಿನವರು ಒಪ್ಪಿಗೆ ಪತ್ರದ ಸಹಿಯ ಜೊತೆ ಅದನ್ನು ತಾಳೆ ನೋಡುತ್ತಾರೆ. ಕೂಡಿದರೆ ಅವತ್ತೇ ತೆಗೆಯುತ್ತಾರೆ. ಯಾರು ಯಾರದೋ ಹೆಸರಲ್ಲಿ ಬರೆದು ಕೊಡುವ ಹಾಗಾಗಬಾರದಲ್ಲ, ಎಂದರು. ನಾನು ಹೌದು ಎಂದೆ.

ಮತ್ತೆ ವಾರದ ರಜೆಯ ದಿನ. ಅಪ್ಪ ಕಿಟಕಿಯ ಹತ್ತಿರ ಪೇಪರ್ ಓದುತ್ತ ಕೂತಿದ್ದರು. ನಾನು ಎದುರು ಕೂತು, ಆಫೀಸಿನವರು ಸಹಿ ತಾಳೆ ನೋಡುವುದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ದೃಶ್ಯ ಕತ್ತರಿಸಲಿಲ್ಲ ಎಂಬುದು ಅವರಿಗೆ ಆಗಲೇ ಗೊತ್ತಾಗಿತ್ತು. ಸಹಿ ನಾನೇ ಮಾಡಿದೆ ಎಂಬುದು ಮಾತ್ರ ಅವತ್ತೇ ತಿಳಿಯಿತು. ಪೇಪರ್ ಮಡಿಸಿ ಪಕ್ಕಕ್ಕಿಟ್ಟರು.

“ಖರೇ ಹೇಳಿದ್ರ ಏನಾಗ್ತದ?”

“ಪಿಚ್ಚರ್ ರದ್ದು. ರಿಝಲ್ಟೂ ರದ್ದು.”

“ಡಿಗ್ರಿ?”

ನಾಳೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ. ಹೇಳುವ ಧೈರ್ಯ ನನಗಿತ್ತೋ, ಅಥವಾ ಬೇಡ ಎಂದು ಅಪ್ಪ ಅನ್ನಲಿ ಎಂದು ಹೇಳಿದೆನೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಬಯ್ಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಮಾತ್ರ ಮನಸ್ಸಿನಿಂದ ಬಯಸಿದ್ದೆ.

“ಆ ಕಾಗದದ ಫೋಟೋ ಅದ ಏನು ನಿನ್ನ ಕಡೆ?” ಎಂದರು.

ಫೋನಿನಲ್ಲಿತ್ತು, ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದರು. “ನಾ ಕೆಳಗ ಗೆರಿ ಎಳಿಯಂಗಿಲ್ಲ,” ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಮುಗಿದ ತಿಂಗಳ ಹಾಳೆಯೊಂದನ್ನು ಹರಿದು, ಖಾಲಿ ಮಗ್ಗುಲು ಮೇಲೆ ಮಾಡಿ, ಪೆನ್ನು ನನ್ನ ಕೈಗೆ ಕೊಟ್ಟರು. “ಹೆಂಗ ಮಾಡಿದ್ದಿ, ನನ್ನ ಮುಂದ ಬರದ ತೋರ್ಸು.”

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಕೈ ಏಳಲಿಲ್ಲ. “ಬರೀ,” ಎಂದರು ಅಪ್ಪ. ಅಪ್ಪನ ಎದುರೇ ಕೂತು ಅಪ್ಪನ ಸಹಿ ಮಾಡಿದೆ. ಅದರ ಕೆಳಗೆ ಅವರು ಬರೆದರು. ಅಕ್ಷರಗಳು ನೆಟ್ಟಗೆ ಬಂದವು, ನನ್ನವು ಬಲಕ್ಕೆ ವಾಲಿದ್ದವು. ಹೊಡೆದು ಹಾಕಿ ಮತ್ತೆ ಬರೆದರು. ಈ ಸಲ ವಾಲಿತು, ಆದರೆ ಗೆರೆ ಎಳೆಯುವುದನ್ನು ಮರೆತರು. ಮತ್ತೆ ಬರೆದರು. ಇಷ್ಟು ವರ್ಷ ತಮ್ಮದಾಗಿದ್ದ ಸಹಿಯನ್ನು ಬಿಟ್ಟು ಮಗಳು ಮಾಡಿದ ಕಳ್ಳ ಸಹಿಯನ್ನು ಕಲಿಯುತ್ತಿದ್ದ ಆ ಕೈಯನ್ನು ನೋಡಲು ನನಗೆ ಆಗುತ್ತಿರಲಿಲ್ಲ, ನೋಡದೆ ವಿಧಿಯೂ ಇರಲಿಲ್ಲ. ಹಾಳೆ ಅರ್ಧ ತುಂಬಿತು.

“ಈಗ ಕೂಡ್ತದೇನು ನೋಡು,” ಎಂದು ನನ್ನ ಕಡೆ ತಿರುಗಿಸಿದರು.

ನಾನು ಫೋನಿನಲ್ಲಿದ್ದದ್ದನ್ನೂ ಹಾಳೆಯನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. “ಗೆರಿ ಇನ್ನೊಂಚೂರು ಉದ್ದ ಬೇಕ್ರಿ ಅಪ್ಪಾ,” ಎಂದೆ.

ಅಪ್ಪ ತುಣುಕು ತೆಗೆಯಿರಿ ಎಂದು ಅರ್ಜಿ ಬರೆದು, ಅದರ ಮೇಲೆ ಸಹಿ ಮಾಡಿ, ಗೆರೆಯನ್ನು ಉದ್ದಕ್ಕೆ ಎಳೆದರು.